ಬಸ್ಸು ಕೂಗುವವರ ಮನೆ

ಮಾವನ ಕೊರಳಬಟ್ಟೆಗಳನ್ನು ಒಗೆಯುವುದು ನನ್ನ ಬೆಳಗಿನ ಮೊದಲ ಕೆಲಸ. ಅಂಗೈಯಗಲದ ಮೆತ್ತನೆಯ ಹತ್ತಿ ಬಟ್ಟೆ, ಕಟ್ಟಿಕೊಳ್ಳಲು ಎರಡು ಲಾಡಿ, ನಾನೇ ಹೊಲಿದವು. ಗಂಟಲಿನ ಆಪರೇಷನ್ ಆದಮೇಲೆ ಮಾವ ಉಸಿರಾಡುವುದು ಕೊರಳಿನ ಬುಡದಲ್ಲಿರುವ ಒಂದು ತೂತಿನಿಂದ. ಧೂಳು ಹೋಗದಂತೆ ಅದರ ಮೇಲೆ ಸದಾ ಒಂದು ಬಟ್ಟೆ ಇಳಿಬಿದ್ದಿರಬೇಕು. ಆವತ್ತು ಬಿಸಿನೀರಿನಲ್ಲಿ ಅದ್ದಿ, ಸೋಪು ಹಚ್ಚಿ, ಇನ್ನೇನು ಹಿಂಡಬೇಕು ಅನ್ನುವಾಗ ನಡುಮನೆಯಲ್ಲಿ ದಡಾರನೆ ಸದ್ದಾಯಿತು. ಹಿಂದೆಯೇ ಮಗಳ ಕೂಗು.

"ಅಮ್ಮಾ! ಬೇಗ ಬಾ! ಅಪ್ಪ ತಾತನ ಡೆಕ್ಕು ಮಾರ್ತಿದ್ದಾರೆ!"

ಸೋಪಿನ ಕೈಯಲ್ಲೇ ಓಡಿದೆ. ಅಟ್ಟದ ಕೆಳಗೆ ಸ್ಟೂಲಿನ ಮೇಲೆ ನನ್ನ ಗಂಡ, ತಲೆತುಂಬ ಜೇಡರ ಬಲೆ. ನೆಲದ ಮೇಲೆ ಮಾವನ ಹಳೆಯ ಕ್ಯಾಸೆಟ್ ಡೆಕ್ಕು. ಅದರ ಮೇಲೆ ಸಿಂಹಾಸನವೇರಿದ ಹಾಗೆ ನನ್ನ ಮಗಳು. ಒಂದು ಕಡೆ ನಿಂತವಳಲ್ಲ ಅಂತ ಮನೆಮಂದಿಯೆಲ್ಲ ಅವಳನ್ನು ಬುಗುರಿ ಅಂತಲೇ ಕರೆಯುವುದು. ಆವತ್ತು ಮಾತ್ರ ಬುಗುರಿ ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಬಾಗಿಲಲ್ಲಿ ಗುಜರಿಯವನು ತಕ್ಕಡಿ ಹಿಡಿದು ನಿಂತಿದ್ದ.

"ಏಳೇ, ಅವನಿಗೆ ಹೊತ್ತಾಗುತ್ತೆ," ಅಂದರು ಇವರು.

"ನನ್ನನ್ನೂ ಸೇರಿಸಿ ತೂಕ ಹಾಕ್ಲಿ."

"ಹಾಕ್ಬಹುದು ಪುಟ್ಟಮ್ಮ, ಆದ್ರೆ ಇಷ್ಟು ದೊಡ್ಡ ಬಾಯಿ ನಮ್ಮ ಅಂಗಡೀಲಿ ಯಾರೂ ಕೊಳ್ಳಲ್ಲ," ಅಂದ ಗುಜರಿಯವನು.

ಅಷ್ಟರಲ್ಲಿ ಚಪ್ಪಾಳೆ ಕೇಳಿತು. ಮಾವ ಯಾರನ್ನು ಕರೆಯಬೇಕಾದರೂ ಚಪ್ಪಾಳೆಯೇ. ಕೋಣೆಯ ಬಾಗಿಲಲ್ಲಿ ನಿಂತು ಮಗನ ಕಡೆ ನೋಡಿ ತುಟಿ ಆಡಿಸಿದರು. ಪಕ್ಕದಲ್ಲಿದ್ದ ಅತ್ತೆ ತಕ್ಷಣ ಅದಕ್ಕೆ ದನಿ ಕೊಟ್ಟರು. ಮಾವ ತುಟಿಯಲ್ಲಿ ಹೇಳಿದ್ದನ್ನು ಅತ್ತೆ ಬಾಯಿಬಿಟ್ಟು ಹೇಳುವುದು ನಮ್ಮ ಮನೆಯ ಪದ್ಧತಿ. ಮಾವ ಎರಡು ಮಾತು ಕೊಟ್ಟರೆ ಅತ್ತೆ ಬಡ್ಡಿ ಸೇರಿಸಿ ನಾಲ್ಕು ಮಾಡುತ್ತಾರೆ.

"'ಮಾರಬೇಡ' ಅಂತಿದ್ದಾರೆ. 'ನಾನು ಸತ್ತಮೇಲೆ ಮಾರ್ಕೋ' ಅಂತಿದ್ದಾರೆ."

ಮಾವ ತಲೆಯಲ್ಲಾಡಿಸಿದರು.

"ಎರಡನೇದು ಹೇಳ್ಲಿಲ್ವಂತೆ. ಆದ್ರೆ ಮನಸ್ಸಲ್ಲಿ ಇತ್ತು, ನಂಗೆ ಗೊತ್ತಾಗುತ್ತೆ," ಅಂದರು ಅತ್ತೆ.

ಮಾವ ಬಸ್‌ಸ್ಟ್ಯಾಂಡಿನಲ್ಲಿ ಬಸ್ಸು ಕೂಗುತ್ತಿದ್ದವರು. ಯಾವ ಬಸ್ಸು ಯಾವ ಅಂಕಣಕ್ಕೆ ಬರುತ್ತದೆ, ಯಾವುದು ಹೊರಟಿತು, ಯಾವುದು ತಡ ಅಂತ ಮೈಕಿನ ಮುಂದೆ ಕೂತು ಹೇಳುವ ಕೆಲಸ. ಈ ಮನೆಗೆ ಸೊಸೆಯಾಗಿ ಬರುವ ಮೊದಲೇ ನನಗೆ ಅವರ ದನಿ ಗೊತ್ತಿತ್ತು. ಊರಿನಲ್ಲಿ ಯಾರಿಗೆ ಗೊತ್ತಿರಲಿಲ್ಲ? ಮೊದಲ ಸಲ ನಮ್ಮ ಮನೆಗೆ ಬಂದು "ಕುಡಿಯೋಕೆ ನೀರು ಕೊಡಮ್ಮಾ" ಅಂದಾಗ ನಮ್ಮಪ್ಪ ಅಭ್ಯಾಸಬಲದಿಂದ ಬಸ್ಸು ಬಂತು ಅಂತ ಎದ್ದು ಚೀಲಕ್ಕೆ ಕೈಹಾಕಿದ್ದರು. ಈಗಲೂ ನಮ್ಮ ವಿಳಾಸ ಕೇಳಿದರೆ "ಬಸ್ಸು ಕೂಗೋರ ಮನೇನಾ?" ಅನ್ನುತ್ತಾರೆ. ಬುಗುರಿ ಹುಟ್ಟುವ ಹಿಂದಿನ ವರ್ಷ ಡಾಕ್ಟರು ಮಾವನ ದನಿಪೆಟ್ಟಿಗೆಯನ್ನೇ ತೆಗೆದುಹಾಕಿದರು. ಊರಿಗೆಲ್ಲ ಗೊತ್ತಿದ್ದ ದನಿ ಮೊಮ್ಮಗಳಿಗೆ ಮಾತ್ರ ಗೊತ್ತಿಲ್ಲ.

ತಾವು ರಜೆ ಹಾಕುವ ದಿನಗಳಿಗೆಂದು ಮಾವ ಇದೇ ಡೆಕ್ಕಿನಲ್ಲಿ ಕ್ಯಾಸೆಟ್ಟಿಗೆ ಮಾತು ತುಂಬಿ ಕೊಡುತ್ತಿದ್ದರು. ಬಸ್‌ಸ್ಟ್ಯಾಂಡಿಗೆ ಹೋದವು ಅಲ್ಲೇ ಕಳೆದವು. ಮನೆಯಲ್ಲಿ ಉಳಿದದ್ದು ಒಂದು. ಡೆಕ್ಕು ಕೆಟ್ಟಿದೆ, ಬೇರೆಲ್ಲಾದರೂ ಹಾಕಿಸಿ ಕೇಳೋಣ ಅಂದರೆ ಅತ್ತೆ ಅದನ್ನು ಕೈಯಿಂದ ಬಿಡುವುದಿಲ್ಲ. "ಯಾರದ್ದೋ ಮಷೀನು ನುಂಗಿಬಿಟ್ರೆ ವಾಂತಿ ಮಾಡಿಸೋಕಾಗುತ್ತಾ?" ಅನ್ನುತ್ತಾರೆ.

ಇವರನ್ನೂ ಪೂರ್ತಿ ತಪ್ಪು ಅನ್ನಲಾರೆ. ಅಟ್ಟ ಖಾಲಿ ಮಾಡಹೊರಟದ್ದು ನನಗಾಗಿಯೇ. ಶಾಲೆಯ ಸಮವಸ್ತ್ರ ಹೊಲಿಯುವ ಕೆಲಸ ಒಪ್ಪಿಕೊಂಡಿದ್ದೆ. ಬಟ್ಟೆಯ ಥಾನುಗಳು ಮಂಚದ ಮೇಲೆ, ಕುರ್ಚಿಯ ಮೇಲೆ, ಕೊನೆಗೆ ಅಡುಗೆಮನೆಯ ಕಿಟಕಿಯಲ್ಲೂ ಕೂತಿದ್ದವು.

"ಸರಿ," ಅಂದರು ಇವರು ತಲೆ ಕೊಡವುತ್ತಾ. "ಆಡಿದ್ರೆ ಇರ್ಲಿ. ಸಮವಸ್ತ್ರ ಹೊಲಿದು ಮುಗಿಯೋದ್ರೊಳಗೆ ಆಡ್ಲಿಲ್ವೋ, ಗುಜರಿಗೆ. ಆಮೇಲೆ ಯಾರೂ ಅದರ ಮೇಲೆ ಕೂರೋ ಹಾಗಿಲ್ಲ."

"ಆಡುತ್ತೆ. ತಾತನ ದನಿ ಕೇಳ್ಬೇಕು ನಂಗೆ," ಅಂದಳು ಬುಗುರಿ.

ಊಟದ ಮೇಜು ಡೆಕ್ಕಿನ ಪಾಲಾಯಿತು. ನಾವು ನೆಲದ ಮೇಲೆ ಕೂತು ಉಣ್ಣತೊಡಗಿದೆವು. ಶಾಲೆಗೆ ರಜೆ, ಬೆಳಗಿನ ಬ್ರೆಡ್ಡು, ಹಾಲು ಮುಗಿಸಿ ತಾತ ಮೊಮ್ಮಗಳು ಮೇಜಿಗೆ ಹೋದರೆ ನಾನು ಅನ್ನಕ್ಕೆ ಕರೆಯುವವರೆಗೂ ತಲೆಯೆತ್ತುತ್ತಿರಲಿಲ್ಲ.

ಮೇಲಿನ ತಗಡು ಬಿಚ್ಚಿದ ದಿನ ನಾನೂ ಕತ್ತರಿ ಕೆಳಗಿಟ್ಟು ಹೋಗಿ ನೋಡಿದೆ. ಎಷ್ಟೊಂದು ಗಾಲಿ, ಸ್ಪ್ರಿಂಗು, ಸನ್ನೆಕಡ್ಡಿ! ಒಂದು ಗುಂಡಿ ಒತ್ತಿದರೆ ಇನ್ನೆಲ್ಲೋ ಒಂದು ಸಣ್ಣ ತೋಳು ಏಳುತ್ತಿತ್ತು. ಇಷ್ಟು ವರ್ಷ ಅಟ್ಟದ ಕತ್ತಲಲ್ಲಿ, ನನ್ನ ಹಳೇ ಬಕೆಟ್ಟಿನ ಕೆಳಗೆ, ಇಷ್ಟು ನಾಜೂಕಿನ ಒಂದು ಸಂಸಾರ ಉಸಿರು ಬಿಗಿಹಿಡಿದು ಕೂತಿತ್ತಲ್ಲ ಅನ್ನಿಸಿತು.

ಮೋಟಾರಿನಿಂದ ಗಾಲಿಗೆ ಹೋಗುವ ರಬ್ಬರ್ ಬೆಲ್ಟು ಇರಬೇಕಾದ ಜಾಗದಲ್ಲಿ ಡಾಂಬರಿನಂಥ ಅಂಟು. ಕರಗಿಹೋಗಿತ್ತು. ಮಾವ ಬೆರಳಿಂದ ಮುಟ್ಟಿ ತೋರಿಸಿದರು. ಬುಗುರಿಯೂ ಮುಟ್ಟಿದಳು. ಆಮೇಲೆ ಅವಳು ಏನೇನು ಮುಟ್ಟಿದಳು ಅನ್ನುವುದು ಮನೆಯ ಗೋಡೆ, ನನ್ನ ದಿಂಬು, ಒಂದು ಬಿಳಿ ಅಂಗಿಯ ಕಾಲರಿನ ಮೇಲೆ ಬರೆದಿತ್ತು.

"ಅಯ್ಯೋ ಬುಗುರಿ, ಇದು ಯಾರ ಮಗುವಿನ ಅಂಗಿಯೋ!"

"ನಾನಲ್ಲ ಅಮ್ಮಾ, ಬೆಲ್ಟು."

ಪೊರಕೆಕಡ್ಡಿಯ ತುದಿಗೆ ಹತ್ತಿ ಸುತ್ತಿ, ಸ್ಪಿರಿಟ್ಟಿನಲ್ಲಿ ಅದ್ದಿ ಮಾವ ಒಂದೊಂದೇ ಗಾಲಿಯ ಹಲ್ಲು ಒರೆಸಿದರು. ಕಡ್ಡಿ ಕಪ್ಪಾದರೆ ಬುಗುರಿ ಹೊಸದು ಸುತ್ತಿಕೊಡಬೇಕು. ಟೇಪು ಉಜ್ಜಿಹೋಗುವ ಸಣ್ಣ ಹೆಡ್ಡನ್ನು ಒರೆಸುವಾಗ ಮಾತ್ರ ಮಾವ ತಮ್ಮ ಕೊರಳಬಟ್ಟೆಯನ್ನು ಒಂದು ಕೈಯಲ್ಲಿ ಒತ್ತಿ ಹಿಡಿದುಕೊಳ್ಳುತ್ತಿದ್ದರು, ಉಸಿರಿನ ತೇವ ಅದರ ಮೇಲೆ ಬೀಳದಿರಲಿ ಅಂತ. ಕಂದು ಪೊರೆ ಬಿಟ್ಟು ಹೆಡ್ಡು ಕನ್ನಡಿಯಾಯಿತು. ಅದರಲ್ಲಿ ಬುಗುರಿಯ ಒಂದು ಕಣ್ಣು ಕಾಣಿಸಿತು.

"ತಾತಾ, ದನಿ ಎಲ್ಲಿರುತ್ತೆ?"

ಮಾವ ಕ್ಯಾಸೆಟ್ಟಿನಿಂದ ಟೇಪನ್ನು ಒಂದಿಷ್ಟೇ ಹೊರಗೆಳೆದು ಕಿಟಕಿಗೆ ಹಿಡಿದರು. ಕಂದುಬಣ್ಣದ ತೆಳು ಪಟ್ಟಿ. ಆಚೆಯ ಬೆಳಕು ಮಸುಕಾಗಿ ಕಂಡಿತು, ಅಷ್ಟೇ.

"ಏನೂ ಇಲ್ವಲ್ಲ! ಗೆರೆನೂ ಇಲ್ಲ!"

"ದನಿ ಯಾವತ್ತು ಯಾರಿಗೆ ಕಂಡಿದೆ?" ಅಂದರು ಬಟಾಣಿ ಬಿಡಿಸುತ್ತಿದ್ದ ಅತ್ತೆ. "ನಿಮ್ಮ ತಾತನ ಹೊಟ್ಟೆ ಕಾಣುತ್ತೆ, ಕೋಪ ಕಾಣುತ್ತೆ. ದನಿ ಕಾಣುತ್ತೇನೇ?"

ಮಗಳು ಆ ಪಟ್ಟಿಯನ್ನು ನೋಡುತ್ತಲೇ ನಿಂತಳು. ಹಾಲು ಉಕ್ಕಿದ ವಾಸನೆ ಬಂದು ನಾನು ಒಳಗೆ ಓಡಿದೆ.

ಇವರು ಲಿಫ್ಟ್ ರಿಪೇರಿಯವರು. ದಿನವಿಡೀ ದೊಡ್ಡ ಕಟ್ಟಡಗಳ ಕತ್ತಲ ಕೊಳವೆಯೊಳಗೆ ಜೋತುಬಿದ್ದು ಬರುತ್ತಾರೆ. ಮನೆಗೆ ಬಂದರೆ ಕೂರಲು ಒಂದು ಕುರ್ಚಿ, ತಿನ್ನಲು ಒಂದು ಮೇಜು ಬೇಕು, ಎರಡೂ ಇರಲಿಲ್ಲ. ಒಂದು ಸಂಜೆ ಊಟಕ್ಕೆ ಕೂತಾಗ ಅದು ಬಾಯಿಗೆ ಬಂತು.

"ನಾನು ತಂದ್ಕೊಟ್ಟ ಮಷೀನು ಬೇಡ, ಈ ಮಷೀನು ಬೇಕು ಅಪ್ಪನಿಗೆ."

ಆ ಮಷೀನಿನ ಮಾತು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಆಪರೇಷನ್ ಆದಮೇಲೆ ಇವರು ಊರೂರು ಅಲೆದು ತಂದದ್ದು. ಟಾರ್ಚಿನಂಥ ಕೊಳವೆ. ಕೊರಳಿಗೆ ಒತ್ತಿಕೊಂಡು ಗುಂಡಿ ಅದುಮಿದರೆ ಗುಂಯ್ ಅನ್ನುತ್ತದೆ. ತುಟಿ ನಾಲಿಗೆ ಆಡಿಸಿದರೆ ಆ ಗುಂಯ್‌ಗುಡುವಿಕೆಯೇ ಮಾತಾಗುತ್ತದೆ. ಏರಿಳಿತವಿಲ್ಲದ, ಡಬ್ಬಿಯೊಳಗಿನ ಮಾತು. ಮಾವ ಸ್ವಲ್ಪ ಕಾಲ ಬಳಸಿದರು. ಒಂದು ದಿನ ಬೀರುವಿಗೆ ಸೇರಿಸಿದವರು ಮತ್ತೆ ತೆಗೆಯಲಿಲ್ಲ. ತಂದೆ ಮಗನ ನಡುವೆ ಬಿಗುವು ಶುರುವಾದದ್ದು ಅಲ್ಲಿಂದ.

"ಸಾರು ಹಾಕ್ಲಾ?" ಅಂದೆ ನಾನು.

"ಬೇಡ. ನಾಚಿಕೆ ಇವರಿಗೆ. ಮೊದಲು ಗಂಟೆ ಹೊಡೆದ ಹಾಗಿದ್ದ ದನಿ, ಈಗ ಡಬ್ಬಿ ದನಿ ಅಂತ ನಾಚಿಕೆ. ಊರೋರ ಮುಂದೆ ಇರ್ಲಿ, ಮನೆಯೋರ ಜೊತೆನೂ ನಾಚಿಕೆಯಾ? ಮಗ ಬಂದ್ರೆ 'ಬಂದ್ಯಾ' ಅನ್ನೋಕೂ?"

ಮಾವ ತಟ್ಟೆ ನೋಡುತ್ತಾ ಕೂತರು. ಅತ್ತೆಗೆ ತಡೆಯಲಾಗಲಿಲ್ಲ.

"ನಾಚಿಕೆಯಂತೆ ನಾಚಿಕೆ! ಏನು ಗೊತ್ತೋ ನಿಂಗೆ? ಇವಳು ಅಂಬೆಗಾಲಿಡ್ತಿದ್ದಾಗ ಎತ್ಕೊಂಡು, ಆ ಮಷೀನು ಇಟ್ಕೊಂಡು 'ಬಾ ಬಂಗಾರಿ' ಅಂದ್ರು. ಮಗು ಬೆಚ್ಚಿಬಿದ್ದು ನೀಲಿಗಟ್ಟೋ ಹಾಗೆ ಅತ್ತಿತು. ಆಮೇಲೆ ಇವರ ಮುಖ ಕಂಡ್ರೇ ಅಳೋದು. ಅವತ್ತೇ ಒಳಗಿಟ್ರು. 'ಮಾತು ಹೋದ್ರೆ ಹೋಗ್ಲಿ, ಮಗು ನನ್ನ ಹತ್ರ ಬಂದ್ರೆ ಸಾಕು' ಅಂದ್ರು."

ಅತ್ತೆ ಸೇರಿಸಿ ಹೇಳಿದಾಗ ತಲೆಯಲ್ಲಾಡಿಸುವ ಮಾವ ಈ ಸಲ ಅಲ್ಲಾಡಿಸಲಿಲ್ಲ.

ಇವರ ಕೈಯಲ್ಲಿನ ತುತ್ತು ಹಾಗೇ ನಿಂತಿತು. ನಾನು ಮಗಳ ಕಡೆ ನೋಡಿದೆ. ಅವಳು ತಟ್ಟೆಯ ಅಂಚನ್ನು ಬೆರಳಿಂದ ಒರೆಸುತ್ತಿದ್ದಳು, ಅಲ್ಲಿ ಏನೂ ಅಂಟಿರಲಿಲ್ಲ.

ಮರುದಿನ ಜಡೆ ಹೆಣೆಯುವಾಗ ಕೇಳಿದಳು. "ಅಮ್ಮಾ, ನಾನು ತುಂಬಾ ಅತ್ತಿದ್ನಾ?"

"ಮಕ್ಕಳು ಅಳದೆ ಇನ್ನೇನು ಭಾಷಣ ಮಾಡ್ತಾರಾ?"

"ತಾತನಿಗೆ ಬೇಜಾರಾಯ್ತಾ?"

"ತಾತ ಅಲ್ಲೇ ಕೂತಿದ್ದಾರಲ್ಲ, ಹೋಗಿ ಕೇಳು."

ಅರ್ಧ ಜಡೆಯಲ್ಲೇ ಹೋಗಿ ನಿಂತಳು. "ತಾತಾ..."

ಮಾವ ಕನ್ನಡಕ ಮೇಲೆತ್ತಿ ನೋಡಿದರು. ಬುಗುರಿಯ ಬಾಯಿ ತೆರೆದಿತ್ತು. ಮುಚ್ಚಿತು. ಮತ್ತೆ ತೆರೆಯಿತು.

"ಈ ಸ್ಕ್ರೂ ಎಲ್ಲಿಗೆ?"

ಅಂದಿನಿಂದ ಅವಳಿಗೆ ಪ್ರಶ್ನೆಗಳೇ ಪ್ರಶ್ನೆಗಳು. ಈ ಸ್ಪ್ರಿಂಗು ಯಾಕೆ ಓರೆ, ಈ ತಂತಿ ಯಾಕೆ ಹಸಿರು, ಸ್ಪಿರಿಟ್ ಕುಡಿದರೆ ಏನಾಗುತ್ತೆ. ಒಳಗೆ ಬೇರೆ ಇನ್ನೊಂದು ಪ್ರಶ್ನೆ ಕೂತಿದೆ, ಅದು ಹೊರಡಲೊಲ್ಲದೆ ಮಿಕ್ಕವನ್ನೆಲ್ಲ ಮುಂದೆ ಕಳಿಸುತ್ತಿದೆ ಅಂತ ನನಗೆ ಗೊತ್ತಾಗುತ್ತಿತ್ತು. ಆದರೆ ಕಾಯನ್ನು ಅದುಮಿ ಹಣ್ಣು ಮಾಡಲಾಗುವುದಿಲ್ಲ. ನಾನು ಗುಂಡಿ ಹೊಲಿಯುತ್ತಾ ಹೋದೆ.

ಹೊಸ ಬೆಲ್ಟು ಬೇಕಿತ್ತು. ಹಳೆಯದು ಕರಗಿಹೋದ ಮೇಲೆ ಅಳತೆ ಯಾವುದು? ಮಾವ ತಲೆ ಕೆರೆದುಕೊಂಡು ಕೂತರು. ಇಲ್ಲಿ ನನ್ನ ಕಸುಬು ಕೆಲಸಕ್ಕೆ ಬಂತು. ದಾರ ತೆಗೆದು ಮೋಟಾರಿನ ಗಾಲಿಯಿಂದ ದೊಡ್ಡ ಗಾಲಿಗೆ ಸುತ್ತಿ, ಗಂಟು ಹಾಕಿ, ಕತ್ತರಿಸಿದೆ. ಆಮೇಲೆ ಅದರಲ್ಲೂ ಒಂದು ಬೆರಳಗಲ ಕಳೆದೆ.

"ಯಾಕೆ ಕತ್ತರಿಸ್ದೆ? ಸಾಲಲ್ವಲ್ಲ!" ಅಂದಳು ಬುಗುರಿ.

"ಲಂಗದ ಸೊಂಟಕ್ಕೆ ಎಲಾಸ್ಟಿಕ್ ಹಾಕುವಾಗ ಸೊಂಟದಷ್ಟೇ ಕತ್ತರಿಸಿದ್ರೆ ಲಂಗ ನಿಲ್ಲುತ್ತಾ? ಎಳೆತಕ್ಕೆ ಅಂತ ಸ್ವಲ್ಪ ಕಡಿಮೆ ಇಡ್ಬೇಕು. ರಬ್ಬರ್ ಎಲ್ಲಿದ್ರೂ ರಬ್ಬರೇ."

ಮಾವ ನನ್ನನ್ನು ನೋಡಿ ಚಪ್ಪಾಳೆ ತಟ್ಟಿದರು. ಕರೆಯುವ ಚಪ್ಪಾಳೆಯಲ್ಲ, ಮೆಚ್ಚಿದ ಚಪ್ಪಾಳೆ. ಮರುದಿನ ಬೆಳಿಗ್ಗೆ ಇವರು ಆ ದಾರವನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಹೋದರು. ಎರಡು ದಿನ ಬಿಟ್ಟು, ಊಟದ ಡಬ್ಬಿಯ ಜೊತೆ ಒಂದು ಪೊಟ್ಟಣ ನನ್ನ ಕೈಗಿಟ್ಟು, "ಆ ಕಡೆ ಕೆಲಸ ಇತ್ತು, ಸಿಕ್ತು," ಅಂದರು. ಕೆಲಸವೇನೂ ಇರಲಿಲ್ಲ, ಬೆಲ್ಟಿಗೆಂದೇ ಮಣ್ಣುದಾರಿಯಲ್ಲಿ ಅಲೆದಿದ್ದರು ಅಂತ ಬೂಟಿನ ಕೆಂಪು ಧೂಳು ಹೇಳುತ್ತಿತ್ತು.

ಆ ಭಾನುವಾರ ಬೆಳಿಗ್ಗೆ ಡೆಕ್ಕನ್ನು ಟೀವಿಯ ಪಕ್ಕದ ಸ್ಪೀಕರುಗಳಿಗೆ ಜೋಡಿಸಿದೆವು. ಅತ್ತೆ ತಮ್ಮ ಬಟ್ಟೆಗಳ ನಡುವಿನಿಂದ ಕ್ಯಾಸೆಟ್ಟು ತಂದು, ಎರಡೂ ಕೈಯಲ್ಲಿ ಕೊಟ್ಟರು. ನಾನು ಒಲೆ ಆರಿಸಿ ಬಂದೆ. ಇವರು ಪೇಪರು ಓದುವ ನೆಪದಲ್ಲಿ ಅಲ್ಲೇ ಇದ್ದರು, ಪುಟ ತಿರುಗಲಿಲ್ಲ.

ಮಾವ ಗುಂಡಿ ಒತ್ತಿದರು.

ಮೊದಲು ಸೊಯ್ಯನೆ ಸದ್ದು. ಆಮೇಲೆ ಅದು ಬಂತು. ಬಾವಿಯ ತಳದಿಂದ ಯಾರೋ ನರಳುತ್ತಾ ಮೇಲೇಳುತ್ತಿರುವ ಹಾಗೆ, ಉದ್ದುದ್ದ, ಜೋಲು, ನಡುನಡುವೆ ಜಾರುವ ಒಂದು ದನಿ. "ಪ್ರಯಾ... ಆಆ... ಣಿಕರ..." ಸ್ಪೀಕರಿನ ಬಟ್ಟೆ ಅದುರಿತು.

ಬುಗುರಿ ಹಿಂದೆ ಹಿಂದೆ ಸರಿದು ನನ್ನ ಬೆನ್ನ ಹಿಂದೆ ನಿಂತಳು. "ಅದು ತಾತ ಅಲ್ಲ," ಅಂದಳು. ಅವಳ ಬೆರಳು ನನ್ನ ಸೊಂಟಕ್ಕೆ ಚುಚ್ಚುತ್ತಿತ್ತು.

ಮಾವ ಅದನ್ನು ನೋಡಿದರು. ಗುಂಡಿ ಒತ್ತಿ ನಿಲ್ಲಿಸಿ, ಕ್ಯಾಸೆಟ್ಟು ತೆಗೆದು ಅತ್ತೆಯ ಕೈಗಿಟ್ಟು, ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಮಧ್ಯಾಹ್ನದ ಊಟಕ್ಕೂ ಬರಲಿಲ್ಲ. ಬುಗುರಿ ತಟ್ಟೆ ಹಿಡಿದು ಬಾಗಿಲ ಹೊರಗೆ ನಿಂತು ವಾಪಸು ಬಂದಳು.

"ಮತ್ತೆ ನಾನೇ ಮಾಡ್ದೆ ಅಮ್ಮಾ," ಅಂದಳು. ನಾನು ಅವಳ ತಟ್ಟೆಯ ಮೀನಿನ ಮುಳ್ಳು ಬಿಡಿಸತೊಡಗಿದೆ.

ಪೇಪರು ಮಡಿಸಿಟ್ಟು ಇವರು ಎದ್ದು, ಮೊದಲ ಸಲ ಆ ಮೇಜಿಗೆ ಹೋದರು. ಬಾಗಿ ನೋಡಿದರು. ಟೇಪನ್ನು ಅದುಮಿ ಮುಂದಕ್ಕೆಳೆಯುವ ಸಣ್ಣ ರಬ್ಬರ್ ಗಾಲಿಯನ್ನು ಬೆರಳಿಂದ ಮುಟ್ಟಿ, ಬೆರಳನ್ನು ಮೂಗಿಗೆ ಹಿಡಿದರು.

"ಎಣ್ಣೆ!"

ಎಲ್ಲರೂ ಅತ್ತೆಯ ಕಡೆ ತಿರುಗಿದೆವು. ಅತ್ತೆಗೆ ಲೋಕದ ಎಲ್ಲ ಕಾಯಿಲೆಗೂ ಮದ್ದು ಒಂದೇ, ಒಂದು ತೊಟ್ಟು ಎಣ್ಣೆ. ಕಿರುಗುಟ್ಟುವ ಬಾಗಿಲಿಗೆ, ಬೀಗಕ್ಕೆ, ನನ್ನ ಹೊಲಿಗೆ ಮಷೀನಿಗೆ, ಗಂಡನ ಮಂಡಿಗೆ. ಮಷೀನಿನ ಎಣ್ಣೆಬುಡ್ಡಿ ನನ್ನದಾದರೂ ಅದರ ಯಜಮಾನಿಕೆ ಅವರದ್ದು.

"ಅಮ್ಮಾ, ಇದಕ್ಕೆ ಎಣ್ಣೆ ಬಿಟ್ಯಾ?"

"ಒಂದೇ ತೊಟ್ಟು ಕಣೋ. ಆ ರಬ್ಬರ್ ಗಾಲಿ ಒಣಕಲಾಗಿತ್ತು, ಪಾಪ."

"ಪಾಪಾನಾ! ಲಿಫ್ಟಿನ ಬ್ರೇಕಿಗೆ ಬೆಣ್ಣೆ ಹಚ್ಚಿದ ಹಾಗಾಯ್ತು! ಅದು ಟೇಪನ್ನ ಹಿಡೀಬೇಕಮ್ಮಾ. ಎಣ್ಣೆ ಬಿಟ್ರೆ ಜಾರುತ್ತೆ. ಅದಕ್ಕೇ ಹಾಗೆ ಎಳೆದಿದ್ದು ದನಿ."

"ತಿರುಗೋದಕ್ಕೆಲ್ಲ ಎಣ್ಣೆ ಬೇಕು ಅಂತ ನೀನೇ ಹೇಳಿದ್ದು."

"ತಿರುಗೋ ಕಡ್ಡಿಗೆ ಬೇಕು. ಹಿಡಿಯೋ ರಬ್ಬರಿಗೆ ಬೇಡ."

"ಹಾಗಂತ ಅದರ ಹಣೆ ಮೇಲೆ ಬರೆದಿತ್ತಾ?" ಅತ್ತೆಯ ದನಿ ಏರಿತು. ಆಮೇಲೆ ಒಮ್ಮೆಲೇ ಇಳಿಯಿತು. "ಹಾಗಾದ್ರೆ... ಆಗಲೂ ಇದೇ ಆಗಿದ್ದಾ?"

"ಯಾವಾಗ?"

"ಅವರು ಆಸ್ಪತ್ರೇಲಿದ್ದಾಗ. ಮನೆಗೆ ಬಂದ್ರೆ ಕೇಳ್ತಾರೆ, ಚೆನ್ನಾಗಿ ಆಡ್ಲಿ ಅಂತ... ಅದೇ ಗಾಲಿಗೆ..." ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಬಂದು ಹಾಕಿದ್ರು, ಆಡ್ಲಿಲ್ಲ. ಸುಮ್ನೆ ಅಟ್ಟಕ್ಕೆ ಹಾಕಿದ್ರು. ಅವರ ದನಿ ನಾನೇ ಕಳೆದ್ನಾ?"

ಕೋಣೆಯ ಬಾಗಿಲು ಯಾವಾಗ ತೆರೆದಿತ್ತೋ. ಮಾವ ಹೊಸ್ತಿಲಲ್ಲಿ ನಿಂತಿದ್ದರು. ಅತ್ತೆಯನ್ನು ನೋಡಿ ಒಂದೇ ಮಾತು ತುಟಿ ಆಡಿಸಿದರು. ಇಪ್ಪತ್ತು ಮಾತು ಸೇರಿಸಿ ಹೇಳಬಲ್ಲ ಅತ್ತೆ ಆಗ ಅವರ ಮುಖವನ್ನೇ ನೋಡಲಾರದೆ ತಲೆ ತಗ್ಗಿಸಿದ್ದರು. ಓದಿದವಳು ಬುಗುರಿ.

"ಅಜ್ಜೀ, 'ನಂಗೆ ಗೊತ್ತಿತ್ತು' ಅಂದ್ರು ತಾತ."

ಅಷ್ಟು ವರ್ಷ ಗೊತ್ತಿದ್ದೂ ಒಂದು ದಿನ ಮುಖ ಕೂಡ ಗಂಟು ಹಾಕಿರಲಿಲ್ಲ ಆ ಮನುಷ್ಯ. ಮನೆಯಲ್ಲಿ ಒಂದು ಚಮಚ ಕಳೆದರೆ ಯಾರು ಕಳೆದರು ಅಂತ ಮೂರು ದಿನ ಮಾತಾಡುವವರು ನಾವು.

ಮಾವ ಬಂದು ಅನ್ನಕ್ಕೆ ಕೂತರು. ಅತ್ತೆ ಬಡಿಸಲಿಲ್ಲ. ಸ್ಪಿರಿಟ್ ಸೀಸೆ ತಗೊಂಡು ಮೇಜಿಗೆ ಹೋಗಿ, ಪೊರಕೆಕಡ್ಡಿಗೆ ಹತ್ತಿ ಸುತ್ತಿ, ಆ ಗಾಲಿಯನ್ನು ಒರೆಸಲು ಕೂತರು. ಆವತ್ತೂ ಒರೆಸಿದರು, ಮರುದಿನವೂ ಒರೆಸಿದರು. "ಸಾಕು ಅಮ್ಮಾ, ಸವೆದೇ ಹೋಗುತ್ತೆ," ಅಂತ ಇವರು ಅಂದಮೇಲೆ ಬಿಟ್ಟರು. ಎಣ್ಣೆಬುಡ್ಡಿಯನ್ನು ತಂದು ನನ್ನ ಮಷೀನಿನ ಪಕ್ಕ ಇಟ್ಟು, "ಇದು ನಿಂದೇ ಇಟ್ಕೋಮ್ಮ," ಅಂದರು.

ಸಮವಸ್ತ್ರದ ಕೊನೆಯ ಕಟ್ಟು ಇಸ್ತ್ರಿ ಮಾಡುತ್ತಿದ್ದ ಮಧ್ಯಾಹ್ನ ಮತ್ತೆ ಡೆಕ್ಕಿನ ಮುಂದೆ ಸೇರಿದೆವು. ಈ ಸಲ ಯಾರೂ ಪೇಪರು ಹಿಡಿದಿರಲಿಲ್ಲ. ಬುಗುರಿ ನನ್ನ ಪಕ್ಕದಲ್ಲೇ, ಆದರೆ ಮುಂದೆ ನಿಂತಿದ್ದಳು.

ದನಿ ಜಾರಲಿಲ್ಲ. ನೆಟ್ಟಗೆ ಬಂತು. ಆದರೆ ಕೀಚಲು, ಹೊಸ ಬೆಲ್ಟಿಗೆ ಮೋಟಾರು ಒಂಚೂರು ಜೋರಾಗಿ ಓಡುತ್ತಿತ್ತು.

"ಮೋಟಾರಿನ ಬೆನ್ನಲ್ಲಿ ತೂತಿದೆ ನೋಡಿ ಅಪ್ಪಾ," ಅಂದರು ಇವರು ಮೆಲ್ಲಗೆ. "ಅದರೊಳಗೆ ತಿರುಪು. ವೇಗ ಹೆಚ್ಚು ಕಡಿಮೆ ಮಾಡಬಹುದು." ತಮ್ಮ ಚೀಲದಿಂದ ಎಲ್ಲಕ್ಕಿಂತ ಸಣ್ಣ ಸ್ಕ್ರೂಡ್ರೈವರ್ ತೆಗೆದು ತಂದೆಯ ಕೈಗಿಟ್ಟರು.

ಮಾವ ತಿರುಪು ತಿರುಗಿಸುತ್ತಾ ಡೆಕ್ಕನ್ನು ನೋಡಲಿಲ್ಲ. ಅತ್ತೆಯನ್ನು ನೋಡಿದರು. ನನಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಹೊಳೆಯಿತು: ತನ್ನ ದನಿ ಹೊರಗಿನವರಿಗೆ ಹೇಗೆ ಕೇಳುತ್ತದೆ ಅಂತ ಯಾರಿಗೆ ತಾನೇ ಗೊತ್ತಿರುತ್ತದೆ? ಅದು ಗೊತ್ತಿರುವುದು ಅದನ್ನು ದಿನವೂ ಕೇಳಿಸಿಕೊಂಡವರಿಗೆ. ಅತ್ತೆ ಕಣ್ಣು ಮುಚ್ಚಿದರು.

"ಇನ್ನೂ ಕೆಳಗೆ," ಅಂದರು. "ಇನ್ನೂ... ಅಯ್ಯೋ, ಇದು ನಿಮ್ಮಣ್ಣನ ದನಿ ಆಯ್ತು. ಸ್ವಲ್ಪ ಮೇಲೆ. ಒಂಚೂರು. ಕೂದಲೆಳೆಯಷ್ಟು."

ಒಂದು ಮಾತೂ ಹೆಚ್ಚು ಸೇರಿಸಲಿಲ್ಲ. ಮಾವನ ಬೆರಳು ಅಲ್ಲಾಡಿತೋ ಇಲ್ಲವೋ.

"ಹಾಂ," ಅಂದರು ಅತ್ತೆ. ಕಣ್ಣು ತೆರೆಯಲಿಲ್ಲ. "ಇದು ನೀವು."

"ಪ್ರಯಾಣಿಕರ ಗಮನಕ್ಕೆ. ಬಂದರಿಗೆ ಹೋಗುವ ಬಸ್ಸು ಐದನೇ ಅಂಕಣದಲ್ಲಿ ನಿಂತಿದೆ. ಹೊಳೆಯಾಚೆಗೆ ಹೋಗುವವರು ಅವಸರ ಮಾಡಬೇಡಿ, ನಿಮ್ಮ ಬಸ್ಸು ಈಗಷ್ಟೇ ಸೇತುವೆ ಇಳಿಯುತ್ತಿದೆ."

ಮನೆ ತುಂಬಿಹೋಯಿತು. ಹೇಗೆ ಹೇಳಲಿ? ಬಿಸಿ ನೆಲಕ್ಕೆ ಮೊದಲ ಕೊಡ ನೀರು ಸುರಿದ ಹಾಗಿತ್ತು. ದಪ್ಪ ದನಿಯಲ್ಲ, ದೊಡ್ಡ ದನಿಯೂ ಅಲ್ಲ. ಹೆಗಲ ಮೇಲೆ ಕೈಯಿಟ್ಟು ಹೇಳುವಂಥ ದನಿ. ನನ್ನ ಕೈಯಲ್ಲಿದ್ದ ಇಸ್ತ್ರಿಪೆಟ್ಟಿಗೆಯನ್ನು ಇವರು ತೆಗೆದು ಪಕ್ಕಕ್ಕಿಡದಿದ್ದರೆ ಒಂದು ಅಂಗಿ ಸುಟ್ಟುಹೋಗುತ್ತಿತ್ತು. ಅದನ್ನು ಆಡಿದ ಮನುಷ್ಯ ನಮ್ಮ ಕಣ್ಣೆದುರಿಗೇ ಕೂತಿದ್ದರು, ತುಟಿ ಮುಚ್ಚಿಕೊಂಡು, ಕೊರಳಬಟ್ಟೆ ಉಸಿರಿಗೆ ಮೆಲ್ಲಗೆ ಏಳುತ್ತಾ ಬೀಳುತ್ತಾ.

ಬುಗುರಿ ಒಮ್ಮೆ ಸ್ಪೀಕರನ್ನು ನೋಡುತ್ತಿದ್ದಳು, ಒಮ್ಮೆ ತಾತನನ್ನು.

ಎದುರು ಮನೆಯ ಹಳೇ ಕಂಡಕ್ಟರ್ ಬನಿಯನ್ನಿನಲ್ಲೇ ಬಂದು ಬಾಗಿಲಲ್ಲಿ ನಿಂತ. "ನಿದ್ದೆಗಣ್ಣಲ್ಲಿ ಚಪ್ಪಲಿ ಹಾಕ್ಕೊಂಡ್ಬಿಟ್ಟೆ ಕಣಮ್ಮಾ, ಡ್ಯೂಟಿಗೆ ತಡ ಆಯ್ತು ಅಂತ," ಅಂದ. ನಗಲು ಹೋದವನು ಗೋಡೆಗೊರಗಿ ನಿಂತುಬಿಟ್ಟ.

ಟೇಪು ಓಡುತ್ತಿತ್ತು. ಒಂದು ಕಡೆ ಮಾತಿನ ನಡುವೆ ಎಲ್ಲಿಂದಲೋ "ಪೋಂ ಪೋಂ" ಅಂತ ಸಣ್ಣ ಹುಡುಗನ ಹಾರನ್ನು ನುಗ್ಗಿತು. ಮಾವನ ದನಿ ನಿಂತಿತು. ಆಮೇಲೆ, ಬಸ್‌ಸ್ಟ್ಯಾಂಡಿನದ್ದಲ್ಲದ, ಮನೆಯ ದನಿ: "ಮರೀ, ಹಾರನ್ ನಿಲ್ಸೋ. ಡ್ರೈವರು ಊಟಕ್ಕೆ ಹೋಗಿದ್ದಾರೆ." ಮತ್ತೆ "ಪೋಂ." ಮಾವ ನಕ್ಕರು, ಟೇಪಿನೊಳಗೆ, ಹೊಟ್ಟೆಯಿಂದ. "ಬಾ ಇಲ್ಲಿ. ಮರೀ... ಓ ಮರೀ... ಬಾರೋ, ಹತ್ರ ಬಾ."

ಬಸ್‌ಸ್ಟ್ಯಾಂಡಿಗೆ ಕೊಡಲಾಗದೆ ಈ ಕ್ಯಾಸೆಟ್ಟು ಮನೆಯಲ್ಲೇ ಉಳಿದದ್ದು ಯಾಕೆ ಅಂತ ಆಗ ಗೊತ್ತಾಯಿತು. ತಲೆ ನರೆಯತೊಡಗಿರುವ ನನ್ನ ಗಂಡ ಕುರ್ಚಿಯಿಂದ ಎದ್ದರು. ಎಲ್ಲಿಗೆ ಹೋಗಬೇಕು ಅಂತ ತಿಳಿಯದವರ ಹಾಗೆ ಎರಡು ಹೆಜ್ಜೆಯಿಟ್ಟು, ತಂದೆಯ ಕುರ್ಚಿಯ ಪಕ್ಕ ನೆಲದ ಮೇಲೆ ಕೂತುಬಿಟ್ಟರು. ಮಾವ ಅವರ ತಲೆಯ ಮೇಲೆ ಕೈಯಿಟ್ಟರು.

ಟೇಪು ಮುಗಿದು ಗುಂಡಿ ಟಕ್ಕನೆ ಮೇಲೆದ್ದಿತು.

ಬುಗುರಿ ಹೋಗಿ ತಾತನ ಮುಂದೆ ನಿಂತಳು. ಬಾಯಿ ತೆರೆದಳು, ಮುಚ್ಚಿದಳು. ಮತ್ತೆ ಯಾವ ಸ್ಪ್ರಿಂಗಿನ ವಿಚಾರ ಬರುತ್ತದೋ ಅಂತ ನಾನು ಕಾದೆ. ಅವಳು ಒಂದು ಸಲ ಬೀರುವಿನ ಕಡೆ ನೋಡಿದಳು, ಆಮೇಲೆ ತನ್ನ ಕೊರಳಿಗೆ ಎರಡು ಬೆರಳು ಒತ್ತಿ ತೋರಿಸಿದಳು.

"ತಾತಾ," ಅಂದಳು. "ನಾನು ಈಗ ದೊಡ್ಡೋಳಾಗಿದ್ದೀನಿ. ಎಂಥಾ ದನಿ ಬಂದ್ರೂ ಅಳಲ್ಲ. ಬಸ್ಸುಗಳನ್ನೆಲ್ಲ ಕೂಗಿದ್ದೀಯ, ಅಪ್ಪನ್ನೂ ಕೂಗಿದ್ದೀಯ... ಆ ಮಷೀನಿನಲ್ಲಿ ನನ್ನೂ ಒಂದ್ಸಲ ಕೂಗ್ತೀಯಾ?"